ಗಂಟೆ ಹೊಡೆದರೂ ಬಿಡದ ಹಗ್ಗ

ಬಾವಿಯ ಗೋಡೆಯಿಂದ ಕಬ್ಬಿಣದ ಮೆಟ್ಟಿಲು ಕಿತ್ತುಬಂದ ಸದ್ದು ಈಗಲೂ ಕೇಳಿಸುತ್ತದೆ. ಪಾಠ ಮಾಡುವಾಗ ತರಗತಿಯ ಬೆಂಚು ಕಿರುಗುಟ್ಟಿದರೂ ಕೈಯಲ್ಲಿನ ಸೀಮೆಸುಣ್ಣವನ್ನು ಬಿಗಿಯಾಗಿ ಹಿಡಿಯುತ್ತೇನೆ.

ನಾನೂ ತಮ್ಮನೂ ಸಾಮಿ ಎಂದು ಕರೆಯುವವರು ತಮಿಳುನಾಡಿನ ವೆಳ್ಳಕೋಯಿಲ್ ಆಚೆಯ ಬೆನೆಡಿಕ್ಟಿನ್ ಎಂಬ ಕ್ರೈಸ್ತ ಮಠದ ಸನ್ಯಾಸಿ, ಪಾದ್ರಿಯೂ ಹೌದು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕದ ಹಾಸಿಗೆಯವರಿಗೆ ಪ್ರಾರ್ಥನೆ ಮಾಡಲು ಬಂದಿದ್ದರು. ನಮ್ಮ ಮಾತು ಕಿವಿಗೆ ಬಿದ್ದು, "ಕನ್ನಡದವರಾ?" ಎಂದು ತಿರುಗಿದರು. ಅವರು ಮೈಸೂರು ಕಡೆಯವರು. ಆಮೇಲೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಎರಡು ಹಾಸಿಗೆಗಳ ನಡುವೆ ಕೂರುತ್ತಿದ್ದರು. ಅಮ್ಮನಿಗೆ ಧರ್ಮದ ಮಾತು ಒಂದೂ ಹೇಳಲಿಲ್ಲ. ಅವಳು ನೇಯುತ್ತಿದ್ದ ಮಗ್ಗದ ಕತೆ ಕೇಳಿದರು. ಅಮ್ಮ ತೀರಿಹೋದ ಮೇಲೂ ನಾವು ಮಠಕ್ಕೆ ಹೋಗಿಬರುವುದು ಉಳಿಯಿತು.

ಅಲ್ಲಿ ಗಂಟೆ ಹೊಡೆದರೆ ಕೈಯಲ್ಲಿರುವ ಕೆಲಸವನ್ನು ಅಲ್ಲೇ ಬಿಟ್ಟು ಪ್ರಾರ್ಥನೆಗೆ ಹೋಗಬೇಕು. ಒಮ್ಮೆ ನನಗೆ ಕಾಫಿ ಬಗ್ಗಿಸುತ್ತಿದ್ದ ಸಾಮಿ ಅರ್ಧ ಲೋಟಕ್ಕೇ ನಿಲ್ಲಿಸಿ ಎದ್ದಿದ್ದರು. ತಡವಾಗಿ ಹೋದವರು ಎಲ್ಲರೆದುರು ಮಂಡಿಯೂರಬೇಕು. ಇಷ್ಟು ವರ್ಷದಲ್ಲಿ ತಾವು ಒಮ್ಮೆಯೂ ಮಂಡಿಯೂರಿಲ್ಲ ಎನ್ನುವಾಗ ಅವರ ಮುಖದಲ್ಲಿ ಸಣ್ಣ ಜಂಬವಿರುತ್ತಿತ್ತು.

ಆ ದಿನ ಮಠದ ಬಾವಿಯ ಪಂಪು ಕೆಟ್ಟಿತ್ತು. ಕೊಯಮತ್ತೂರು ಬಳಿಯ ಪೆರಿಯನಾಯಕನಪಾಳ್ಯದ ವರ್ಕ್‌ಶಾಪಿನಲ್ಲಿ ಮೋಟಾರು ರಿಪೇರಿ ಮಾಡುವ ನನ್ನ ತಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆಯ ಕಬ್ಬಿಣದ ಮೆಟ್ಟಿಲುಗಳ ಮೇಲೆ ಇಳಿದ. ಹಗ್ಗವನ್ನು ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ ಸಾಮಿ ತುದಿ ಹಿಡಿದರು.

"ಸಾಮಿ, ಗಂಟೆ ಹೊಡೆದ್ರೆ ನನ್ನ ಬಾವೀಲೇ ಬಿಟ್ಟು ಓಡ್ಬಿಡಬ್ಯಾಡಿ!" ತಮ್ಮ ಒಳಗಿನಿಂದ ಕೂಗಿದ.

"ಬೇಗ ಮುಗಿಸಪ್ಪಾ. ನಿನ್ನ ಬಾಯಿ ಓಡಿದಷ್ಟು ಸ್ಪ್ಯಾನರ್ ಓಡ್ತಾ ಇಲ್ಲ."

ಕೆಲಸ ಮುಗಿಸಿ ಅವನು ಅರ್ಧ ಮೇಲೆ ಬಂದಿದ್ದಾಗ ಕಾಲ ಕೆಳಗಿನ ಮೆಟ್ಟಿಲು ಕಿತ್ತುಬಂತು. ಅವನ ಭಾರವೆಲ್ಲ ಹಗ್ಗಕ್ಕೆ ಬಿತ್ತು. ಹಗ್ಗ ಸಾಮಿಯ ಅಂಗೈಯಲ್ಲಿ ಮೊಳದಷ್ಟು ಜಾರಿ ನಿಂತಿತು. ಅದೇ ಹೊತ್ತಿಗೆ ಮಧ್ಯಾಹ್ನದ ಗಂಟೆ ಹೊಡೆಯತೊಡಗಿತು.

ಅವರ ಕಣ್ಣು ಒಮ್ಮೆ ಪ್ರಾರ್ಥನಾಮಂದಿರದ ಕಡೆ ಹೋಯಿತು. ಕೈ ಸಡಿಲವಾಗಲಿಲ್ಲ. ನಾನು ಫೋನ್ ಹಿಡಿದು ನಿಂತೇ ಇದ್ದೆ. ಕೂಗಲಿಲ್ಲ, ಓಡಲಿಲ್ಲ. ಒಳಗಿನಿಂದ ತಮ್ಮ "ಅಕ್ಕಾ" ಎಂದಾಗಲೂ ಕಾಲು ಏಳಲಿಲ್ಲ.

"ಅಮ್ಮಾ, ನನ್ನ ಹಿಂದೆ ಬಂದು ಹಿಡೀರಿ. ಕೆಳಗೆ ನೋಡ್ಬೇಡಿ, ಹಿಡೀರಿ," ಎಂದರು ಸಾಮಿ.

ಆಮೇಲಷ್ಟೇ ನನಗೆ ಕೈಗಳಿರುವುದು ನೆನಪಾಯಿತು. ಮುಂದಿನ ಮೆಟ್ಟಿಲು ಅವನ ಕಾಲಿಗೆ ಸಿಗುವವರೆಗೆ ಗೇಣುಗೇಣಾಗಿ ಎಳೆದೆವು.

ತಮ್ಮ ಕಟ್ಟೆ ಹತ್ತಿ ಕುಸಿದು ಕೂತದ್ದನ್ನು ನೋಡಿ ಸಾಮಿ ಪ್ರಾರ್ಥನೆಗೆ ನಡೆದರು. ಸ್ವಲ್ಪ ಹೊತ್ತಿಗೆ ನಾವೂ ಹೋದೆವು. ಎಲ್ಲರೂ ಹಾಡುತ್ತಿದ್ದರು. ಅವರೊಬ್ಬರೇ ನಡುವೆ ಮಂಡಿಯೂರಿದ್ದರು, ಸುಲಿದ ಅಂಗೈಗಳನ್ನು ನಿಲುವಂಗಿಯ ತೋಳೊಳಗೆ ಅಡಗಿಸಿಕೊಂಡು. ಕಾರಣ ಹೇಳಿಬಿಡೋಣ ಎಂದು ಬಾಗಿಲಲ್ಲಿ ಬಾಯಿ ತೆರೆದೆ. ಅವರು ಬೇಡವೆಂದು ತಲೆಯಾಡಿಸಿದರು.

ತಮ್ಮ ನೀರು ತೊಟ್ಟಿಕ್ಕುವ ಪ್ಯಾಂಟಿನಲ್ಲೇ ಒಳಗೆ ಹೋಗಿ ಅವರ ಪಕ್ಕ ಮಂಡಿಯೂರಿದ. "ಲೇಟಾಗಿದ್ದು ನನ್ನಿಂದ ತಾನೆ, ಸಾಮಿ," ಎಂದ. ಪಿಸುಮಾತು ಎಂದುಕೊಂಡಿದ್ದ; ಎಲ್ಲರಿಗೂ ಕೇಳಿಸಿತು.

ಮಠದ ಹಿರಿಯರು ಮರದ ಪೀಠವನ್ನು ಒಮ್ಮೆ ತಟ್ಟಿದರು. ಸಾಮಿ ಎದ್ದರು. ಅದು ಏಳಬೇಕೆಂಬ ಸಂಕೇತವೆಂದು ತಿಳಿಯದೆ ತಮ್ಮ ಹಾಗೇ ಇದ್ದ. ಸುಲಿದ ಅಂಗೈಯಿಂದ ಅವನನ್ನು ಎಬ್ಬಿಸಲಾಗದೆ ಸಾಮಿ ಬಾಗಿ ಮೊಣಕೈಯಿಂದ ತಿವಿದರು.

ನಾನು ಕಾರಿಗೆ ಓಡಿ ಔಷಧಿ ಪೆಟ್ಟಿಗೆ ಹುಡುಕಿದೆ. ಈ ಸಲ ಯಾರೂ ಹೇಳುವ ಮೊದಲೇ.