ಹತ್ತೂವರೆಯ ಕಳ್ಳ

ನೀಲಿ ದೀಪಗಳನ್ನು ನಾನು ನಂಬುವುದಿಲ್ಲ. ನಮ್ಮ ಮನೆಯ ಮೂರು ವೈಫೈ ಡಬ್ಬಿಗಳ ನೆತ್ತಿಯ ಮೇಲೆ ಒಂದೊಂದು ಇದೆ. ಅದು ನೀಲಿಯಾಗಿ ಬೆಳಗುತ್ತಿದ್ದರೆ ಸಕಲವೂ ಕ್ಷೇಮ, ಕೆಂಪಾದರೆ ಮಾತ್ರ ಗಾಬರಿಪಡಿ ಎಂದು ಡಬ್ಬಿಯೊಂದಿಗೆ ಬಂದ ಪುಸ್ತಿಕೆ ಅಭಯ ನೀಡುತ್ತದೆ. ಆದರೆ ಈ ಬೇಸಿಗೆಯಲ್ಲಿ ಮಹಡಿಯ ಕೋಣೆಯಲ್ಲಿ ನೆಟ್ಟು ದಿನಕ್ಕೊಮ್ಮೆ ಪ್ರಾಣ ಬಿಡುತ್ತಿದ್ದಾಗಲೂ ಆ ದೀಪ ಮದುವೆಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ಕಡೆಯ ದೊಡ್ಡಪ್ಪನಂತೆ ಅದೇ ಮಂದಹಾಸ ಬೀರುತ್ತಿತ್ತು. ಒಳಗೆ ಅನ್ನ ಸೀದುಹೋಗಿದ್ದರೂ "ಬನ್ನಿ ಬನ್ನಿ, ಎಲ್ಲ ಚೆನ್ನಾಗಿ ನಡೀತಾ ಇದೆ" ಎನ್ನುವವರನ್ನು, ಓದುಗ ಮಹಾಶಯರೇ, ನೀವೂ ಕಂಡಿದ್ದೀರಿ.

ಸಂಶಯ ನನಗೆ ಹುಟ್ಟುಗುಣವಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ಎಗ್ಮೋರಿನ ಮುದ್ರಣಾಲಯವೊಂದರಲ್ಲಿ ಔಷಧದ ಸೀಸೆಗೆ ಅಂಟಿಸುವ ಚೀಟಿಗಳ ಕರಡು ತಿದ್ದುತ್ತ ಆಯುಷ್ಯದ ಮುಕ್ಕಾಲು ಪಾಲನ್ನು ಸವೆಸಿದವನು ನಾನು. ಇಂಗ್ಲಿಷು, ತಮಿಳು, ಕನ್ನಡ ಮೂರರಲ್ಲೂ ಚೀಟಿ ಬರುತ್ತಿತ್ತು. ಒಂದು ಸೊನ್ನೆ ಹೆಚ್ಚಾದರೆ, ಒಂದು ದೀರ್ಘ ಕಡಿಮೆಯಾದರೆ ಯಾರದೋ ಹೊಟ್ಟೆಗೆ ಏನೋ ಹೋಗುವ ಉದ್ಯೋಗ. ಸರಿಯಾಗಿ ಕಾಣುವ ಸಾಲನ್ನೇ ಮೊದಲು ಅನುಮಾನಿಸಬೇಕು ಎಂಬುದು ಅಲ್ಲಿಯ ಪ್ರಥಮ ಪಾಠ. ಈಗ ಕರಡುಗಳಿಲ್ಲ, ಅನುಮಾನ ಮಾತ್ರ ನಿವೃತ್ತವಾಗಿಲ್ಲ. ಹಾಲು, ಹವಾಮಾನದ ವರದಿ, ಹೆಂಡತಿಯ "ಏನಿಲ್ಲ ಬಿಡಿ", ಇವೆಲ್ಲವನ್ನೂ ನಾನು ಎರಡೆರಡು ಸಲ ಓದುತ್ತೇನೆ.

ಹೆಂಡತಿ ರೇವತಿ ಉಗ್ಗುವ ಮಕ್ಕಳಿಗೆ ಮಾತಿನ ಚಿಕಿತ್ಸೆ ಕೊಡುವವಳು. ಆಸ್ಪತ್ರೆಯ ಕೆಲಸ ಬಿಟ್ಟ ಮೇಲೂ ಯಾರಾದರೂ ಮಗುವನ್ನು ಕರೆದುಕೊಂಡು ಬಂದರೆ ಇಲ್ಲ ಎನ್ನಲಾರಳು. ಈ ಬೇಸಿಗೆಯಲ್ಲಿ ಬಂದವಳು ಕ್ರೋಂಪೇಟೆಯ ಹತ್ತು ವರ್ಷದ ಹುಡುಗಿ, ಪ್ರತೀಕ್ಷಾ. ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರು. ಆದರೆ ಮೊದಲ ಅಕ್ಷರವೇ ಒತ್ತಕ್ಷರ, ಅದನ್ನು ದಾಟುವುದರೊಳಗೆ ಮಗುವಿನ ಕಣ್ಣಲ್ಲಿ ನೀರು. ಜೂನಿನಲ್ಲಿ ಹೊಸ ಶಾಲೆ. ಮೊದಲ ದಿನ ತರಗತಿಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಹೆಸರು ಹೇಳಬೇಕು. ಅದೊಂದು ಕ್ಷಣಕ್ಕಾಗಿ ದಿನಾ ಬೆಳಿಗ್ಗೆ ಹತ್ತೂವರೆಗೆ, ಅವಳ ಅಮ್ಮ ಕೆಲಸಕ್ಕೆ ಹೊರಡುವ ಮುಂಚೆ, ವಿಡಿಯೋದಲ್ಲಿ ಪಾಠ. ರೇವತಿಯ ವೈದ್ಯದಲ್ಲಿ ಔಷಧ ಒಂದೇ: ಮಗು ಮಾತು ಮುಗಿಸುವ ತನಕ ಕಾಯುವುದು. ನಡುವೆ ಬಾಯಿ ಹಾಕಬಾರದು, ಅವಳ ಶಬ್ದವನ್ನು ನಾವು ಮುಗಿಸಿಕೊಡಬಾರದು, ಮುಖ ತಿರುಗಿಸಲಂತೂ ಬಾರದು.

ಮುಖ ತಿರುಗಿಸುವ ಕೆಲಸವನ್ನು ನಮ್ಮ ನೆಟ್ಟು ವಹಿಸಿಕೊಂಡಿತ್ತು. ಮಗು "ಪ್ರ... ಪ್ರ..." ಎಂದು ಏರು ಹತ್ತುತ್ತಿರುವಾಗ ಸರಿಯಾಗಿ ಚಿತ್ರ ಕಲ್ಲಾಗುತ್ತಿತ್ತು, ಇಪ್ಪತ್ತು ನಿಮಿಷ ಬಿಟ್ಟು ತಾನಾಗಿಯೇ ಜೀವ ಬರುತ್ತಿತ್ತು. ಮೊಬೈಲಿನ ಸಿಗ್ನಲ್ಲೋ, ನಮ್ಮ ಮನೆಯ ಗೇಟಿನ ತನಕ ಬಂದು ವಾಪಸು ಹೋಗುವ ಸಂಕೋಚದ ಪ್ರಾಣಿ. ಮೂರನೆಯ ವಾರ ಮಗು ಪಾಠಕ್ಕೆ ಕೂರುವುದಿಲ್ಲವೆಂದಿತು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಅದು ತಮಿಳಿನಲ್ಲಿ ಉತ್ತರ ಕೊಟ್ಟಿತಂತೆ: "ಅಂದ ಆಂಟಿಕ್ಕುಂ ಪೊರುಮೈ ಇಲ್ಲೆ. ನಾನ್ ಪೇಸುಂಬೋದು ಕಟ್ ಪಣ್ಣಿಡ್ರಾಂಗ." ಆ ಆಂಟಿಗೂ ತಾಳ್ಮೆಯಿಲ್ಲ, ನಾನು ಮಾತಾಡುವಾಗ ಕಟ್ ಮಾಡಿಬಿಡುತ್ತಾರೆ. ಫೋನು ಇಟ್ಟ ರೇವತಿ ಆ ದಿನ ಊಟ ಮಾಡಲಿಲ್ಲ. ನನಗೂ ಸಂಕಟವಾಯಿತು; ಸಂಕಟವಾದಾಗ ನಾನು ಕಳ್ಳನನ್ನು ಹುಡುಕಲು ಹೊರಡುತ್ತೇನೆ.

ವಡಪಳನಿಯ ನಮ್ಮ ಮನೆ ತಾತ ಕಟ್ಟಿಸಿದ್ದು, ಗೋಡೆಗಳು ಒಂದೊಂದು ಮೊಳ ದಪ್ಪ. ಅವನ್ನು ದಾಟಲಾರದೆ ವೈಫೈ ತಿಣುಕುತ್ತದೆಂದು ಮೂರು ಡಬ್ಬಿ ತಂದು, ಅವು ಗಾಳಿಯನ್ನು ನಂಬದಿರಲೆಂದು ತಂತಿಯನ್ನೂ ಎಳೆಸಿದೆ. ನಿಸ್ತಂತು ಜಾಲಕ್ಕೆ ತಂತಿ ಎಳೆಸುವುದು ಸನ್ಯಾಸಿಗೆ ಸಂಸಾರ ಕಟ್ಟಿದಂತಲ್ಲವೇ ಎಂದು ನೀವು ನಗಬಹುದು. ಆದರೆ ತಂತಿ ಎಳೆದ ಸೆಲ್ವಂ ಹಾಗೆಯೇ ಮಾಡಬೇಕೆಂದ. ತಂತಿಗಳೆಲ್ಲ ಒಂದುಗೂಡುವ ಅಂಗೈಯಗಲದ ಪೆಟ್ಟಿಗೆಯನ್ನು ಅವನು ದೇವರಕೋಣೆಯ ಪಕ್ಕದ ಓಣಿಯಲ್ಲಿಟ್ಟ, ಏಕೆಂದರೆ ಹಳೆಯ ಟೆಲಿಫೋನಿನ ಕೊಳವೆ ಮಹಡಿಗೆ ಹೋಗುವುದು ಅಲ್ಲಿಂದಲೇ. ಯಾವುದು ಎಲ್ಲಿಯದೆಂದು ತಿಳಿಯಲಿ ಎಂದು ನಾನೇ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಗೋಡೆಯ ಪ್ಲಗ್ಗುಗಳ ಮೇಲೆ ಅಂಟಿಸಿದೆ. ಚೀಟಿ ಅಂಟಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಪಟ್ಟಣದಲ್ಲಿ ಕಡಿಮೆ.

ಸೆಲ್ವಂನನ್ನೇ ಮೊದಲು ಶಂಕಿಸಿದೆ. ಅವನು ಎರಡು ಸಲ ಮಧ್ಯಾಹ್ನ ಬಂದು, ತಂತಿಯ ತುದಿಗಳನ್ನೆಲ್ಲ ಹೊಸದಾಗಿ ಕತ್ತರಿಸಿ ಸಿಕ್ಕಿಸಿ, "ಎಲ್ಲಾಂ ಕರೆಕ್ಟಾ ಇರುಕ್ಕು ಸಾರ್" ಎಂದು ನೀಲಿ ದೀಪದ ಕಡೆ ಬೆರಳು ತೋರಿಸಿ ಹೋದ. ಅಷ್ಟು ಖಚಿತವಾಗಿ ಹೇಳುವವನನ್ನು ಹೇಗೆ ನಂಬುವುದು? ಆಮೇಲೆ ಪಕ್ಕದ ಮನೆಯವರ ಹೊಸ ಆಂಟೆನಾ ನನ್ನ ಕಣ್ಣಿಗೆ ಬಿತ್ತು. ಬೀದಿಯ ತುದಿಯಲ್ಲಿ ಶೂಟಿಂಗಿನ ಲೈಟು ಹೊತ್ತ ವ್ಯಾನು ನಿಂತ ದಿನ ಅದರ ಮೇಲೂ ಗುಮಾನಿಯಾಯಿತು. ಮನೆಗೆಲಸದ ವಳ್ಳಿಯಮ್ಮ ಹತ್ತು ಗಂಟೆಗೆ ಮಹಡಿ ಒರೆಸುತ್ತಾಳೆ. ಅವಳ ಒರೆಸುಕೋಲು ತಂತಿಗೆ ತಗಲುತ್ತದೆಯೇ ಎಂದು ಮೆಟ್ಟಿಲಲ್ಲಿ ಕೂತು ಕಾವಲು ಕಾದೆ. ಅವಳು ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಒರೆಸುಕೋಲನ್ನು ನನ್ನ ಕೈಗೇ ಕೊಟ್ಟು, "ನೀಂಗಳೇ ತೊಡೈಂಗ ಸಾರ್" ಎಂದಳು. ನಾನು ಒರೆಸಿದೆ. ಆ ದಿನವೂ ಹತ್ತೂವರೆಗೆ ನೆಟ್ಟು ಹೋಯಿತು. ಅವಳ ಮುಖ ನೋಡಲು ಈಗಲೂ ನಾಚಿಕೆ.

ಪಾಠ ನಿಂತ ಮೇಲೂ ನಾನು ಮಾತ್ರ ದಿನವೂ ಹತ್ತೂವರೆಗೆ ಮಹಡಿಯಲ್ಲಿ ಕೂತು ನೋಟುಬುಕ್ಕಿನಲ್ಲಿ ಗುರುತು ಹಾಕುತ್ತ ಹೋದೆ. ಅದರಲ್ಲಿ ಒಂದು ದಿನ ನೆಟ್ಟು ಹೋಗಲೇ ಇಲ್ಲ. ಖುಷಿಪಡುವ ಬದಲು ನನಗೆ ಭಯಂಕರ ಅನುಮಾನ ಬಂತು. ಹಿಂದಿನ ಪುಟ ತಿರುಗಿಸಿದರೆ, ಎರಡು ವಾರದ ಹಿಂದೆಯೂ ಅಂಥದೇ ಒಂದು ನಿರ್ವಿಘ್ನ ದಿನ. ಎರಡೂ ತಾರೀಕು ಹಿಡಿದು ಗೋಡೆಯ ಪಂಚಾಂಗದ ಮುಂದೆ ನಿಂತೆ. ಎರಡೂ ಏಕಾದಶಿ!

ನೆಟ್ಟು ಏಕಾದಶಿ ಆಚರಿಸುವುದುಂಟೇ? ನಮ್ಮ ಮನೆಯಲ್ಲಿ ಏಕಾದಶಿ ಆಚರಿಸುವವರು ಒಬ್ಬರೇ, ನನ್ನ ಸೋದರತ್ತೆ ರುಕ್ಮತ್ತೆ. ಎಂಬತ್ತರ ಹತ್ತಿರ ವಯಸ್ಸು. ಉಡುಪಿ ಕಡೆಯ ತಮ್ಮ ಮನೆಯನ್ನು ಮಾರಿದ ಮೇಲೆ ಒಂದು ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದವರು. ದಿನಾ ಹತ್ತರಿಂದ ಹನ್ನೊಂದರವರೆಗೆ ಅವರದು ಮಡಿ. ಆ ಹೊತ್ತಿನಲ್ಲಿ ದೇವರಕೋಣೆಗೂ ಪಕ್ಕದ ಓಣಿಗೂ ಸ್ನಾನವಾಗದ ನರಪ್ರಾಣಿ ಕಾಲಿಡುವಂತಿಲ್ಲ. ಕಾಲಿಡುವ ಆಸೆಯೂ ನಮಗೆ ಯಾರಿಗೂ ಇರಲಿಲ್ಲವೆನ್ನಿ.

ಮರುದಿನ ಕಳ್ಳನನ್ನು ಹಿಡಿಯಲು ನಾನು ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆ ಸುತ್ತಿಕೊಂಡು ಹೊರಟೆ. ಪತ್ತೇದಾರನಿಗೆ ಇಂಥ ಸಮವಸ್ತ್ರ ಲೋಕದಲ್ಲಿ ಬೇರೆಲ್ಲೂ ಇರಲಾರದು. ಓಣಿಯಲ್ಲಿ ರುಕ್ಮತ್ತೆ ನೆಲದ ಮೇಲೆ ಮಿಕ್ಸಿ ಇಟ್ಟು, ನೈವೇದ್ಯದ ಹುಳಿಗೆ ತೆಂಗಿನಕಾಯಿ ರುಬ್ಬುತ್ತ ಕೂತಿದ್ದರು. ಮಿಕ್ಸಿಯ ವಯರು ನನ್ನ ಪೆಟ್ಟಿಗೆಯ ಪ್ಲಗ್ಗಿನ ಜಾಗದಲ್ಲಿತ್ತು. ಪೆಟ್ಟಿಗೆಯ ಪ್ಲಗ್ಗು ಒಂದು ಬಾಳೆಲೆಯ ತುಂಡಿನ ಮೇಲೆ ಭಕ್ತಿಯಿಂದ ಮಲಗಿತ್ತು.

"ಎಂತ ಮಾಣಿ, ಮಡಿಯಲ್ಲಿ ಬಂದದ್ದು! ಸೂರ್ಯ ಯಾವ ಬದಿಯಲ್ಲಿ ಹುಟ್ಟಿದ್ದು ಇವತ್ತು?" ಎಂದರು. ಅರವತ್ತು ದಾಟಿದರೂ ಅವರಿಗೆ ನಾನು ಮಾಣಿಯೇ.

ಇಲ್ಲೇಕೆ ರುಬ್ಬುತ್ತಿದ್ದೀರಿ ಅತ್ತೆ ಎಂದು ತಡವರಿಸುತ್ತ ಕೇಳಿದೆ. ಅವರು ಗೋಡೆಯ ಕಡೆ ತೋರಿಸಿದರು. ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷು ಬಲ್ಲವರು ಅವರು. ಅಲ್ಲಿ, ನನ್ನದೇ ಮುತ್ತಿನಂಥ ಅಕ್ಷರದಲ್ಲಿ, ನಾಲ್ಕೇ ಅಕ್ಷರ: MADI.

ತಮಿಳಿನಲ್ಲಿ ಮಹಡಿಗೆ 'ಮಾಡಿ' ಎನ್ನುತ್ತಾರೆ. ಮೂರು ತಲೆಮಾರಿನಿಂದ ಇಲ್ಲಿರುವ ನಾವು ಕನ್ನಡದಲ್ಲೂ "ಮಾಡೀಲಿ ಬಟ್ಟೆ ಒಣಗಿದೆಯಾ ನೋಡು" ಎನ್ನುವವರೇ. ಸೆಲ್ವಂಗೆ ಓದಲು ಬರಲೆಂದು ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ಇಂಗ್ಲಿಷು ಒಂದು A ಕೊಟ್ಟು ಕೈತೊಳೆದುಕೊಂಡಿತು, ನಾನೂ ಇನ್ನೊಂದು ಸೇರಿಸಲಿಲ್ಲ. ಲೋಕದ ಸೀಸೆಗಳ ದೀರ್ಘಗಳನ್ನೆಲ್ಲ ಕಾದವನು ನನ್ನ ಮನೆಯ ಗೋಡೆಯ ಮೇಲೆ ಒಂದು ದೀರ್ಘವನ್ನು ನುಂಗಿಬಿಟ್ಟಿದ್ದೆ. ಮಹಡಿ ಮಡಿಯಾಗಿತ್ತು.

"ಅಡುಗೆಮನೆ ಪ್ಲಗ್ಗನ್ನು ಕಂಡಕಂಡವರೆಲ್ಲ ಮುಟ್ತಾರೆ. ನಂಗೆ ಮನಸ್ಸಿಗೆ ಆಗ್ತಿರಲಿಲ್ಲ, ಆದ್ರೆ ಹೇಳುವುದು ಹೇಗೆ? ಬಂದು ಹನ್ನೊಂದು ವರ್ಷ ಆಯ್ತು, ಇನ್ನೊಬ್ಬರ ಮನೆಯಲ್ಲಿ ಅದು ಬೇಕು ಇದು ಬೇಕು ಅನ್ಲಿಕ್ಕೆ ಆಗ್ತದಾ? ನೀನೇ ತಿಳ್ಕೊಂಡು ನಂಗೆ ಅಂತ ಒಂದು ಪ್ಲಗ್ ಇಟ್ಟೆಯಲ್ಲ, ಆ ದಿನ ಎಷ್ಟು ಖುಷಿ ಆಯ್ತು ಗೊತ್ತುಂಟಾ?" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ಮತ್ತೆ, ಬಾಳೆಲೆಯ ಕಡೆ ನೋಡಿ, "ಆ ಕಪ್ಪು ಬಿಲ್ಲೆಯನ್ನು ಜಾಗ್ರತೆಯಾಗಿ ತೆಗೆದಿಟ್ಟು, ಆಮೇಲೆ ಪುನಃ ಸಿಕ್ಕಿಸ್ತೇನೆ. ಪಾಪ, ಅದರದ್ದೂ ಏನಾದ್ರೂ ಕೆಲಸ ಇರ್ತದಲ್ಲ" ಎಂದರು.

ಇನ್ನೊಬ್ಬರ ಮನೆ! ಹನ್ನೊಂದು ವರ್ಷ ಒಂದೇ ಸೂರಿನಡಿ ಉಂಡ ಮೇಲೂ ಅವರಿಗೆ ಇದು ಇನ್ನೊಬ್ಬರ ಮನೆ. ಆ ಮಾತು ಎದೆಗೆ ನಾಟಿತು. ನಾನು ಚೀಟಿಯ ಅರ್ಥವನ್ನು ತಿದ್ದಲಿಲ್ಲ. ಕರಡು ತಿದ್ದುವ ಬದುಕಿನಲ್ಲಿ ತಪ್ಪನ್ನು ತಿಳಿದೂ ತಿಳಿದೂ ಹಾಗೆಯೇ ಬಿಟ್ಟದ್ದು ಅದೊಂದೇ ಸಲ. ನೈವೇದ್ಯ ಮುಗಿಯುವ ತನಕ ಒದ್ದೆ ಪಂಚೆಯಲ್ಲೇ ಅಲ್ಲಿ ಕೂತಿದ್ದು, ಪ್ರಸಾದವನ್ನೂ ತೆಗೆದುಕೊಂಡು ಬಂದೆ.

ಮಧ್ಯಾಹ್ನ ಸೆಲ್ವಂ ಬಂದು ಪೆಟ್ಟಿಗೆಯನ್ನು ಮೆಟ್ಟಿಲಿನ ಕೆಳಗಿನ ಬೇರೆ ಪ್ಲಗ್ಗಿಗೆ ಸ್ಥಳಾಂತರಿಸಿದ. ದೀಪದ ಕಪಟವನ್ನೂ ಅವನೇ ಬಿಡಿಸಿ ಹೇಳಿದ: ತಂತಿ ತಪ್ಪಿದ ಕೂಡಲೇ ಮಹಡಿಯ ಡಬ್ಬಿ ಗಾಳಿಯಲ್ಲೇ ಕೈ ಚಾಚಿ ಕೆಳಗಿನದನ್ನು ಹೇಗೋ ಹಿಡಿದುಕೊಳ್ಳುತ್ತದೆ, ಅದಕ್ಕೇ ನೀಲಿ, ಆದರೆ ಆ ಕೈಗೆ ಒಂದು ಮುಖವನ್ನು ಹೊತ್ತು ತರುವ ತ್ರಾಣವಿರುವುದಿಲ್ಲ. ಅವನನ್ನು ಶಂಕಿಸಿದ್ದಕ್ಕೆ ಕ್ಷಮೆ ಕೇಳುವ ಬದಲು ಎರಡು ಲೋಟ ಕಾಫಿ ಕುಡಿಸಿದೆ. ಕಾರಣ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಕಷ್ಟವಾದದ್ದು ಮಗುವನ್ನು ಮತ್ತೆ ಒಪ್ಪಿಸುವುದು. ಪ್ಲಗ್ಗಿನ ಕಥೆಯನ್ನು ರೇವತಿ ಫೋನಿನಲ್ಲಿ ಇದ್ದದ್ದು ಇದ್ದಹಾಗೆ ಹೇಳಿದಳು. ಮಗು ನಂಬಲಿಲ್ಲ; ದೊಡ್ಡವರು ಇಂಥ ಕಥೆ ಕಟ್ಟುತ್ತಾರೆಂದು ಅದಕ್ಕೆ ಅನುಭವದಿಂದ ಗೊತ್ತು. ಈ ವಿಷಯದಲ್ಲಿ ನಾನು ಮಗುವಿನ ಪಕ್ಷವೇ. ಕೊನೆಗೆ ಒಂದೇ ಒಂದು ದಿನ ಕೂರುತ್ತೇನೆ, ಆಮೇಲೆ ಇಲ್ಲ ಎಂದಿತಂತೆ.

ಆ ಒಂದು ದಿನ ನಾನೂ ಮಹಡಿಯಲ್ಲಿ, ಮಗುವಿಗೆ ಕಾಣದಂತೆ ಮೇಜಿನ ಮಗ್ಗುಲ ಕುರ್ಚಿಯಲ್ಲಿ ಕೂತಿದ್ದೆ. ಹತ್ತೂವರೆ. ಕೆಳಗೆ ಮಿಕ್ಸಿ ಶುರುವಾಯಿತು. ಪರದೆಯ ಮೇಲೆ ಎರಡು ಜಡೆಯ ಪುಟ್ಟ ಮುಖ. ರೇವತಿ, ನಿನಗೆ ಬೇಕಾದಷ್ಟು ಹೊತ್ತು ತಗೋ ಮಗಾ, ಹೆಸರು ಹೇಳು ಎಂದಳು. "ಪ್..." ಎಂದು ತುಟಿ ಮುಚ್ಚಿದ ಮಗು ಅಲ್ಲೇ ನಿಂತುಬಿಟ್ಟಿತು. ತುಟಿ ಅಲುಗಲಿಲ್ಲ, ರೆಪ್ಪೆ ಅಲುಗಲಿಲ್ಲ. ಹೋಯಿತು, ಮತ್ತೆ ಹೋಯಿತು, ಹಾಳಾದ್ದು ಎಂದುಕೊಂಡು ಮೆಟ್ಟಿಲ ಕೆಳಗೆ ಓಡಲು ನಾನು ಅರ್ಧ ಎದ್ದೆ. ರೇವತಿ ಪರದೆಯಿಂದ ಕಣ್ಣು ತೆಗೆಯದೆ, ಮೇಜಿನ ಕೆಳಗಿಂದ ನನ್ನ ಕೈ ಹಿಡಿದು ಜಗ್ಗಿ ಕೂರಿಸಿದಳು. ಆಗ ನೋಡಿದೆ: ಮಗುವಿನ ಹಿಂದೆ ಗೋಡೆಯ ಕ್ಯಾಲೆಂಡರಿನ ಹಾಳೆ ಫ್ಯಾನಿನ ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು. ನೆಟ್ಟು ಎಲ್ಲಿಗೂ ಹೋಗಿರಲಿಲ್ಲ. ಅಷ್ಟು ಹೊತ್ತು ಬೇಕಾಗಿದ್ದದ್ದು ಮಗುವಿಗೆ. ನಾನೂ ಕಾಯುತ್ತ ಕೂತೆ. ಹಾಳೆ ಎಷ್ಟು ಸಲ ಎದ್ದು ಬಿತ್ತೋ, ಎಣಿಸಲಿಲ್ಲ.

"ಪ್ರತೀಕ್ಷಾ" ಎಂದಿತು ಮಗು. ಆಮೇಲೆ, ಪರದೆಯ ಹತ್ತಿರಕ್ಕೆ ಮುಖ ತಂದು, ಅನುಮಾನದಿಂದ ಕೇಳಿತು: "ಕೇಕ್ಕುದಾ ಆಂಟಿ?"

"ಪೂರ್ತಿ ಕೇಳಿಸ್ತು ಮಗಾ" ಎಂದಳು ರೇವತಿ.