ಬಲಸೆರಗಿನ ಮದುಮಗಳು

ಟೋಕಿಯೋದ ಸೆಂಜು ಬೀದಿಯ ತೋಫು ಅಂಗಡಿಯ ಮಹಡಿಯಲ್ಲಿ ಕುಳಿತು, ಹುಡುಗಿಯರ ಮಾಸಪತ್ರಿಕೆಗೆ ಚಿತ್ರಕಥೆ ಬರೆದು ಬಿಡಿಸುತ್ತಿದ್ದ ಕಿಯೊನೊಗೆ ಸಂಪಾದಕ ಸಕಮಾಕಿಯೆಂದರೆ ಕಾಲಕಸಕ್ಕಿಂತ ಕಡೆ. ಬಾಯ್ತುಂಬ "ಗುರುಗಳೇ" ಎಂದು ಕರೆಯುವನು. ಕರೆದು, ಗುರುಗಳಿಗೇ ಪಾಠ ಹೇಳುವನು. ಹುಡುಗಿಯರ ಮನಸ್ಸೆಂದರೆ ರಿಬ್ಬನ್ನು, ಕಣ್ಣೀರು, ಮದುವೆ ಎಂದು ನಂಬಿದ್ದ ಆ ಮಹಾನುಭಾವ, ಸ್ವಂತ ಹೆಣ್ಣುಮಕ್ಕಳನ್ನು ಒಂದು ದಿನವೂ ಕರೆದು ಮಾತನಾಡಿಸಿದವನಲ್ಲ.

ಕಿಯೊನೊಳ ಕಥಾನಾಯಕಿ ಶಿನೊ, ಜನರನ್ನು ನದಿ ದಾಟಿಸುವ ದೋಣಿಯವಳು. ಓದುವ ಹುಡುಗಿಯರಿಗೆ ಅವಳೆಂದರೆ ಪ್ರಾಣ. ಕಿಯೊನೊಳ ತವರಿನಲ್ಲೂ ಒಂದು ದೋಣಿಯಿತ್ತು. ಮಗಳ ಮದುವೆಗೆಂದು ಅಪ್ಪ ಅದನ್ನು ಮಾರಿದ್ದ. ಆ ಮದುವೆ ವರ್ಷ ಬಾಳಲಿಲ್ಲ.

ಒಂದು ಮಧ್ಯಾಹ್ನ ಸಕಮಾಕಿ ಬಂದು, ಚಹಾ ಹೀರುತ್ತ ಅಪ್ಪಣೆ ಕೊಡಿಸಿದ.

"ಈ ಕಂತಿನಲ್ಲಿ ಶಿನೊಗೆ ಮದುವೆ ಮಾಡಿಸಿಬಿಡಿ ಗುರುಗಳೇ. ದೋಣಿ ಮಾರಿಸಿ. ಕಥೆ ಅಲ್ಲಿಗೆ ಮುಗೀಲಿ."

"ದೋಣಿ ಬಿಡೋಕೆ ಅವಳಿಗೆ ಇಷ್ಟ ಇಲ್ಲ."

"ಕಾಗದದ ಹುಡುಗಿಗೆ ಇಷ್ಟ ಏನ್ರೀ, ಕಷ್ಟ ಏನ್ರೀ! ಆಗಲ್ಲ ಅಂದ್ರೆ ಹೇಳಿ, ಗಂಡು ಚಿತ್ರಗಾರರು ಸಾಲುಗಟ್ಟಿ ನಿಂತಿದ್ದಾರೆ."

ತಾನು ಒಲ್ಲೆನೆಂದರೆ ಶಿನೊ ಪರರ ಕೈಗೆ ಬೀಳುತ್ತಾಳಲ್ಲಾ ಎಂದು ಕಿಯೊನೊ ಹಲ್ಲು ಕಚ್ಚಿಕೊಂಡು ಮದುವೆ ಬರೆದಳು. ಪಕ್ಕದಲ್ಲಿ ಕುಳಿತು ಚಿತ್ರಗಳಿಗೆ ಮಸಿ ತುಂಬುತ್ತಿದ್ದ ಅಕ್ಕ ಇತ್ಸುಕೊ ನೋಡಿ, "ಮದುಮಗಳು ಗಂಡನಿಗೆ ಬೆನ್ನು ಹಾಕಿ ನದಿ ಕಡೆ ನೋಡ್ತಿದ್ದಾಳಲ್ಲೇ!" ಎಂದಳು.

"ನೋಡ್ಲಿ ಬಿಡೆ. ಅಷ್ಟಾದ್ರೂ ನೋಡ್ಲಿ."

ಸಕಮಾಕಿಗೆ ಅದನ್ನೂ ಸಹಿಸಲಾಗಲಿಲ್ಲ. ಯಾರನ್ನೂ ಕೇಳದೆ, ಅಚ್ಚಿಗೆ ಹೋಗುವ ಮುನ್ನ ಮದುಮಗಳ ಚಿತ್ರವನ್ನು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಂಟಿಸಿದ. ಮುಖವೇನೋ ಗಂಡನತ್ತ ತಿರುಗಿತು. ಜೊತೆಗೆ ಕಿಮೋನೋ ಸಹ ತಿರುಗಿ, ಬಲಸೆರಗು ಎಡಸೆರಗಿನ ಮೇಲೆ ಬಂದಿತು. ಜಪಾನಿನಲ್ಲಿ ಬದುಕಿರುವವರಾರೂ ಹಾಗೆ ಉಡುವುದಿಲ್ಲ. ಹಾಗೆ ಉಡಿಸುವುದು ಹೆಣಕ್ಕೆ. ಮದುವೆಯ ಬಟ್ಟೆಯೂ ಬಿಳಿ, ಹೆಣದ ಬಟ್ಟೆಯೂ ಬಿಳಿ! ಊರಿನ ಪುಟ್ಟ ಹುಡುಗಿಯರಿಗೆಲ್ಲ ಕಂಡದ್ದು, ಪದವೀಧರ ಸಂಪಾದಕನ ಕನ್ನಡಕಕ್ಕೆ ಕಾಣಲಿಲ್ಲ.

ಪತ್ರಿಕೆ ಹೊರಬಿದ್ದ ವಾರದಲ್ಲೇ ಅವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಗುರುಗಳೇ, ಶಿನೊ ಸತ್ತಳು ಅಂತ ಹುಡುಗೀರು ಕಚೇರಿಗೆ ಊದುಬತ್ತಿ ಕಳಿಸ್ತಿದ್ದಾರೆ! ಯಜಮಾನರು ಕೆಂಡವಾಗಿದ್ದಾರೆ. ಇನ್ನೊಂದು ಕಂತು ಬರೆದು ಅವಳನ್ನ ಬದುಕಿಸಿ."

"ಹಸೆಮಣೆ ಮೇಲೆ ಹೆಣ ಕೂರಿಸಿದ್ದು ನೀವು, ಎಬ್ಬಿಸೋಕೆ ನಾವಾ?" ಎಂದಳು ಇತ್ಸುಕೊ. "ಸಾಲುಗಟ್ಟಿ ನಿಂತಿದ್ರಲ್ಲ ಗಂಡಸರು, ಅವರೆಲ್ಲಿ?"

"ಅವರು... ಯಾರೂ ಒಪ್ಪಲಿಲ್ಲಮ್ಮ."

"ಓಹೋ, ಆಗಲೇ ಕೇಳಿಕೊಂಡೂ ಬಂದ್ರಾ!"

ಕಿಯೊನೊ ತಲೆ ಎತ್ತಲಿಲ್ಲ. "ಬರೀತೀನಿ. ಬರೆದದ್ದು ಬರೆದ ಹಾಗೇ ಅಚ್ಚಾಗಬೇಕು. ನನ್ನ ಪುಟ ಇನ್ಮೇಲೆ ನೀವು ಮುಟ್ಟಕೂಡದು."

"ಆಗಲಿ ಗುರುಗಳೇ, ಹಾಗೇ ಆಗಲಿ."

ಮುಂದಿನ ಕಂತಿನ ಮೊದಲ ಚೌಕದಲ್ಲಿ ಶಿನೊ ಬೆವೆತು ಎದ್ದು ಕುಳಿತು, "ಅಬ್ಬಾ, ಎಂಥ ಕೆಟ್ಟ ಕನಸು!" ಎಂದಳು. ಎರಡನೆಯದರಲ್ಲಿ ದೋಣಿಯ ಹಗ್ಗ ಬಿಚ್ಚಿದಳು.

ಆಮೇಲೆ ಎಷ್ಟೋ ವರ್ಷ ಅವಳು ಜನರನ್ನು ನದಿ ದಾಟಿಸಿದಳು. ಆ ಕನಸಿನ ಕಂತಿಗೆ ಬಂದಷ್ಟು ಮೆಚ್ಚುಗೆ ಬೇರಾವುದಕ್ಕೂ ಬರಲಿಲ್ಲ. ಅದು ತಾನೇ ಕೊಟ್ಟ ಸಲಹೆಯೆಂದು ಸಕಮಾಕಿ ಹೋದ ಹೋದ ಔತಣಗಳಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕಿಯೊನೊ ಅದನ್ನು ಅಲ್ಲಗಳೆಯಲು ಸಹ ಹೋಗಲಿಲ್ಲ. ಅಷ್ಟು ಹೊತ್ತಿನಲ್ಲಿ ಅರ್ಧ ಪುಟ ಬಿಡಿಸಬಹುದಾಗಿತ್ತು.