ಹಳದಿ ಲೈಟು ಹೋಗುವವರೆಗೆ

ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯ ಪರಮಾನಂದನ ಬಳಿ ಒಂದು ಹಳೆಯ ಡೀಸೆಲ್ ಬೆಂಝ್ ಇತ್ತು. ಜಮಖಂಡಿಯ ತೋಟದಲ್ಲಿ ಕೋಳಿಗಳು ಕೂರುತ್ತಿದ್ದ ಗಾಡಿಯನ್ನು ಕೊಂಡು ತಂದು, ಸಿಗದ ಬಿಡಿಭಾಗಗಳನ್ನು ತನ್ನ ಲೇತಿನಲ್ಲೇ ಕಡೆದು ಓಡಿಸಿದ್ದ. ನೋಡಲು ಬಂದವರಿಗೆ ಚಹಾದ ಜೊತೆ ಅದರ ಚರಿತ್ರೆಯೂ ಸಿಗುತ್ತಿತ್ತು.

"ಮರ್ಸಿಡಿಸ್ ಅಂದ್ರ ಒಂದು ಹುಡುಗಿ ಹೆಸರ್ರಿ. ಗಾಡಿ ಮಾರಾಂವ ತನ್ನ ಮಗಳ ಹೆಸರು ಇಟ್ಟಾನ."

ಹೆಂಡತಿ ಗುರುಬಸವ್ವ ಒಳಗಿನಿಂದಲೇ ಕೆಣಕುತ್ತಿದ್ದಳು: "ನಿಮ್ಮ ಮಗಳು ಸಾಲ್ಯಾಗ ಎಷ್ಟನೇ ಇಯತ್ತೆ ಅದಾಳ, ಅದನ್ನ ಹೇಳ್ರಿ ನೋಡೂಣು."

ಗಾಡಿ ಚಾಲೂ ಮಾಡುವುದನ್ನು ನನಗೆ ಕಲಿಸಲು ಅವನು ಬೆನ್ನು ಹತ್ತಿದ್ದ. "ಕೀಲಿ ಅರ್ಧ ತಿರುವಿ ಹಳದಿ ಲೈಟು ಹೋಗೂತನಕ ತಡೀಬೇಕಲೇ. ಎಂಜಿನ್ ಒಳಗ ಬಿಸಿ ಆಗಬೇಕು, ಇಲ್ಲಾಂದ್ರ ಥಂಡ್ಯಾಗ ಹೊತ್ತಂಗಿಲ್ಲ."

"ಇದು ಬೆಂಝ್ ಅಲ್ಲ, ಚಹಾದ ಕಿಟ್ಲಿ" ಎಂದು ನಕ್ಕು ತಪ್ಪಿಸಿಕೊಂಡೆ.

ಈ ಜನವರಿಯ ಒಂದು ಚಳಿಯ ಬೆಳಿಗ್ಗೆ ಅವನಿಗೆ ಎದೆನೋವು ಬಂತು. ಹಿಂದಿನ ಸೀಟಿನಲ್ಲಿ ಮಲಗಿಸಿ ನಾನೇ ಸ್ಟೇರಿಂಗ್ ಹಿಡಿದೆ. ಗಾಬರಿಯಲ್ಲಿ ಕೀಲಿಯನ್ನು ಒಮ್ಮೆಲೇ ಪೂರ್ತಿ ತಿರುವಿದೆ. ಎಂಜಿನ್ ಹೊತ್ತಲಿಲ್ಲ. ಮತ್ತೆ ಮತ್ತೆ ತಿರುವಿದೆ.

"ತಡಿಯಲೇ," ಎಂದ ಅವನು ಹಿಂದಿನಿಂದ, "ಲೈಟು ಹೋಗ್ಲಿ."

ನಾನು ತಡೆಯಲಿಲ್ಲ. ಬ್ಯಾಟರಿ ಸತ್ತಿತು. ಟಂಟಂ ರಿಕ್ಷಾ ಹುಡುಕಿ ಜಮಖಂಡಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನು ಹೋಗಿದ್ದ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಗುರುಬಸವ್ವ ಗಾಡಿ ಮಾರಲು ಒಪ್ಪಿಲ್ಲ. ಪ್ರತಿ ರವಿವಾರ ನಾನೇ ಹೋಗಿ ಚಾಲೂ ಮಾಡಿ ಬರುತ್ತೇನೆ. ಹಳದಿ ಲೈಟು ಹೋಗಲು ಇಪ್ಪತ್ತು ಎಣಿಸುವಷ್ಟು ಹೊತ್ತು ಸಾಕು. ಅಂದು ಅಷ್ಟು ಹೊತ್ತು ನಮ್ಮ ಬಳಿ ಇತ್ತು.